ದುರ್ಬೀನು ಕೂರಿಸಿದ ಕೋವಿ

"ಇದಕ್ಕೆ ಸ್ಕೋಪ್ ಹಾಕಿದ ಪುಣ್ಯಾತ್ಮ ಯಾರು ಸ್ವಾಮಿ?"

ಗಿರೀಶ ಕೋವಿಯನ್ನು ಮೇಜಿನ ಮೇಲಿಟ್ಟು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಡ್ಯಾಂಡಿನಾಂಗ್‌ನ ಆ ಶಿಕಾರಿ ಕ್ಲಬ್ಬಿನಲ್ಲಿ ಯಾವ ಕೋವಿ ಸಾಂಪ್ರದಾಯಿಕ, ಯಾವುದಲ್ಲ ಎಂದು ತೀರ್ಪು ಕೊಡುವವನು ಅವನೇ. ಮೈಸೂರಿನವನು, ವಾರವಿಡೀ ಕಂಪ್ಯೂಟರ್ ಕುಟ್ಟುವವನು. ಇದುವರೆಗೆ ಒಂದು ಮೊಲವನ್ನೂ ಹೊಡೆದವನಲ್ಲ. ಆದರೆ ರೂಲ್ಸು ಬಾಯಿಪಾಠ.

ಮೇಜಿನ ಎದುರು ಪ್ರೀತಮ್ ಬೆವರುತ್ತಿದ್ದ. ಸಿಡ್ನಿಯಿಂದ ಬೆಳಗಿನ ವಿಮಾನ ಹಿಡಿದು ಬಂದಿದ್ದ. ಮರುದಿನ ಕ್ಲಬ್ಬಿನ ಆರು ಜನ ಬೆಟ್ಟಕ್ಕೆ ಕಡವೆ ಬೇಟೆಗೆ ಹೊರಡುವವರು. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ನಮೂನೆಯ ಕೋವಿ ಇದ್ದವರಿಗೆ ಮಾತ್ರ ಜಾಗ. ಅಪ್ಪನ ಕೋವಿಯಲ್ಲೇ ಕಡವೆ ಹೊಡೆಯುತ್ತೇನೆಂದು ಪ್ರೀತಮ್ ಸಿಡ್ನಿಯಲ್ಲಿ ತಾನಿರುವ ಗಿರಾವೀನ್ ಬಡಾವಣೆಯ ಮನೆಮನೆಯಲ್ಲೂ ಹೇಳಿಕೊಂಡು ತಿರುಗಿದ್ದ. ಬೆಳ್ತಂಗಡಿಯಿಂದ ಕಾಗದಪತ್ರವೆಲ್ಲ ಮಾಡಿಸಿ ತರಿಸಿದ ಕೋವಿ ಅದು. ಬೇಟೆ ಇರುವುದು ಮೆಲ್ಬರ್ನ್ ಕಡೆಯಲ್ಲಾದ್ದರಿಂದ ಕ್ರಾನ್‌ಬರ್ನ್‌ನಲ್ಲಿ ಅಕ್ಕನ ಮನೆಯ ಕಬ್ಬಿಣದ ಕಪಾಟಿನಲ್ಲಿ ಇಡಿಸಿದ್ದ.

ತಪ್ಪಾದದ್ದೇ ಅಲ್ಲಿ. ಆ ಮನೆಯಲ್ಲಿ ಯಾದವ ಇದ್ದ.

ಯಾದವ, ಪ್ರೀತಮನ ಭಾವ. ಫ್ಯಾಕ್ಟರಿಯಲ್ಲಿ ಲೇತ್ ತಿರುಗಿಸುವವನು. ಜನ್ಮದಲ್ಲಿ ಕಾಡಿಗೆ ಕಾಲಿಟ್ಟವನಲ್ಲ. ಅಂಥವನು ಮಾವನ ಕೋವಿಯ ನಳಿಗೆಗೆ ನಾಲ್ಕು ತೂತು ಕೊರೆದು, ಸಂತೆಯಲ್ಲಿ ಸಿಗುವಂಥ ಅಗ್ಗದ ದುರ್ಬೀನೊಂದನ್ನು ಸ್ಕ್ರೂ ಹಾಕಿ ಬಿಗಿದಿದ್ದ. ಏನು ಹೇಳೋಣ ಈ ಬುದ್ಧಿಗೆ! ಅದನ್ನಾದರೂ ನೆಟ್ಟಗೆ ಕೂರಿಸಿದನೇ? ಅದೂ ಇಲ್ಲ. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಫ್ಯಾಕ್ಟರಿಯಲ್ಲಿ ಕೆಲಸ ಮತ್ತೆ ಮಾಡುವ ಆಸಾಮಿ ಇಲ್ಲಿ ದುರ್ಬೀನನ್ನು ಎರಡು ಬೆರಳು ಓರೆ ಕೂರಿಸಿದ್ದ. ಅದರಲ್ಲಿ ಕಣ್ಣಿಟ್ಟರೆ ಕಾಣುತ್ತಿದ್ದುದು ಕಡವೆಯಲ್ಲ, ಕೇಪಿಗೆ ಬಡಿದು ಮದ್ದಿಗೆ ಕಿಡಿ ಹತ್ತಿಸುವ ಸುತ್ತಿಗೆಯ, ಅಂದರೆ ಕೋವಿಯ ಕುದುರೆಯ, ಬೆನ್ನು.

"ಎಂತ ಮಾಡಿದ್ದು ಭಾವ ನೀವು? ತಲೆ ಸರಿ ಉಂಟಾ?" ಕೋವಿ ಹೊತ್ತು ತಂದು ಬಾಗಿಲ ಬಳಿ ನಿಂತಿದ್ದ ಯಾದವನ ಕಡೆ ಪ್ರೀತಮ್ ತಿರುಗಿದ.

"ದೂರದ್ದು ಕಾಣ್ಲಿ ಅಂತ" ಎಂದ ಯಾದವ.

ಗಿರೀಶ ಕಿಸಕ್ಕನೆ ನಕ್ಕ. ಆಮೇಲೆ ಮೇಷ್ಟರ ದನಿಯಲ್ಲಿ ಶುರು ಮಾಡಿದ. "ನೋಡಿ ಯಾದವ್, ಟ್ರೆಡಿಷನಲ್ ಅಂದ್ರೆ ಏನು? ಬಾಯಿಂದ್ಲೇ ಮದ್ದು ತುಂಬ್ಬೇಕು. ಕುದುರೆ ಹೊರಗೆ ಕಾಣ್ಬೇಕು. ಬಟ್ಟೇಲಿ ಸುತ್ತಿದ ದುಂಡನೆ ಸೀಸದ ಗುಂಡು. ಗುರಿ ಬರಿಗಣ್ಣಲ್ಲಿ. ಇಷ್ಟು ಮಗೂಗೂ ಅರ್ಥ ಆಗುತ್ತೆ."

"ಸ್ಕೋಪ್ ಬಿಚ್ಚಿ ಬಿಡುವ" ಎಂದ ಪ್ರೀತಮ್. ದನಿ ಗೋಗರೆಯುತ್ತಿತ್ತು.

"ತೂತು ಎಲ್ಲಿ ಬಿಚ್ತೀರ? ಒರಿಜಿನಲ್ ನಳಿಗೆ ಕೆಟ್ಟುಹೋಯ್ತು. ಮಾಡಿಫೈಡ್. ಔಟ್."

ಯಾದವ ಮೇಜಿನ ಹತ್ತಿರ ಬಂದ. ಅಪರಾಧಿ ತಲೆ ತಗ್ಗಿಸಬೇಕು, ಕಣ್ಣಲ್ಲಿ ನೀರು ಬರಬೇಕು. ಈ ಮನುಷ್ಯನ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಹಾಗಾದ್ರೆ ನಾಳೆ ಇದರಲ್ಲಿ ಗುಂಡು ಹಾರಿಸ್ಲಿಕ್ಕೆ ಇಲ್ಲ?"

"ಇಲ್ಲ ಅಂದ್ರೆ ಇಲ್ಲ ಕಣ್ರೀ."

"ಬರೆದು ಕೊಡಿ ಸರ್."

ನಾಚಿಕೆ ಬೇಡವೇ! ಗಿರೀಶ ಫಾರಮ್ಮಿನ ಮೇಲೆ ದಪ್ಪಕ್ಷರದಲ್ಲಿ 'ಅನರ್ಹ' ಎಂದು ಬರೆದು ಮುದ್ರೆ ಒತ್ತಿದ. ಯಾದವ ಅದನ್ನು ಎರಡು ಸಲ ಓದಿ ಮಡಚಿ ಜೇಬಿಗಿಟ್ಟುಕೊಂಡ.

ಪ್ರೀತಮ್ ಹೊರಗೆ ಪಾರ್ಕಿಂಗಿನಲ್ಲಿ ಬಾಯಿಗೆ ಬಂದಂತೆ ಬೈದ. "ಕೋವಿ ಬಂದ ದಿನದಿಂದ ನಿಮ್ಮದು ಒಂದೇ ರಾಗ, ಈ ಕೋವಿ ಬೇಡ, ಈ ಕೋವಿ ಬೇಡ. ಎರಡು ಸಲ ಫೋನ್ ಮಾಡಿದ್ರಿ. ನನಗೆ ಗೊತ್ತಿತ್ತು, ಹೊಟ್ಟೆಕಿಚ್ಚು! ಬೋಲ್ಟ್ ಕಡಿಯುವವರಿಗೆ ಕೋವಿಯ ಮರ್ಯಾದೆ ಎಲ್ಲಿ ಗೊತ್ತಾಗ್ಬೇಕು? ಈ ಹಾಳಾದ್ದನ್ನು ನೀವೇ ಇಟ್ಕೊಳ್ಳಿ. ಇನ್ನು ನಾನು ಕೈಯಲ್ಲಿ ಸಹ ಮುಟ್ಟುವುದಿಲ್ಲ."

"ಮುಟ್ಟಬೇಡ" ಎಂದ ಯಾದವ.

ಪ್ರೀತಮ್ ಟ್ಯಾಕ್ಸಿ ಕರೆದು ನೇರ ಏರ್‌ಪೋರ್ಟಿಗೆ ಹೋದ. ಅಕ್ಕನ ಮನೆಗೂ ಬರಲಿಲ್ಲ.

ಮಧ್ಯಾಹ್ನ ಗುಣವತಿ ಗ್ಯಾರೇಜಿಗೆ ನುಗ್ಗಿದಳು. ತಮ್ಮ ಫೋನಿನಲ್ಲಿ ಅತ್ತಿದ್ದನಂತೆ. ಇವಳೂ ಅತ್ತು ಕಣ್ಣು ಕೆಂಪು ಮಾಡಿಕೊಂಡಿದ್ದಳು. ಗಂಡ ದುರ್ಬೀನು ಕಿತ್ತೆಸೆದು, ನಳಿಗೆಯನ್ನು ಮರದ ಹಿಡಿಯಿಂದ ಬೇರೆ ಮಾಡಿ ಮೇಜಿನ ವೈಸಿನ ಇಕ್ಕುಳಕ್ಕೆ ಕಚ್ಚಿಸಿ ನಿಂತಿದ್ದ.

"ಅಪ್ಪನ ಕೋವಿಗೆ ಇನ್ನೂ ಎಂತ ಮಾಡ್ಲಿಕ್ಕೆ ಬಾಕಿ ಉಂಟು ನಿಮಗೆ? ಊರಲ್ಲಿ ನಾಲ್ಕು ಜನ ನೋಡಿ ನಗುವ ಹಾಗೆ ಮಾಡಿದ್ರಲ್ಲ! ಅವ ಇನ್ನು ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ, ಗೊತ್ತುಂಟಾ?"

"ಗೊತ್ತುಂಟು. ಇಲ್ಲಿ ನಿಂತು ನೋಡು."

ನಳಿಗೆಯ ಬುಡಕ್ಕೆ ಅವನು ಬ್ರಷ್ಷಿನಲ್ಲಿ ಸೀಮೆಎಣ್ಣೆ ಬಳಿದ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಒಣಗುವ ತನಕ ಒರೆಸಿದ. ಸೀಮೆಸುಣ್ಣದ ಪುಡಿ ಸವರಿದ. ಕಬ್ಬಿಣ ಬೆಳ್ಳಗಾಯಿತು. ಫ್ಯಾಕ್ಟರಿಯಲ್ಲಿ ದಿನಾ ಮಾಡುವ ಕೆಲಸ, ಕೈ ಸಲೀಸಾಗಿ ನಡೆಯಿತು.

"ಕೋವಿ ಬಂದ ದಿನವೇ ಹೀಗೇ ಮಾಡಿ ನೋಡಿದ್ದೆ" ಎಂದ. "ನಾನು ಬೇಡ ಅಂದ್ರೆ ಅವ ನಗ್ತಾನೆ. ಗಿರೀಶ್ ಬೇಡ ಅಂದ್ರೆ ಕೇಳ್ತಾನೆ. ಆ ಗಿರೀಶನಿಗೋ, ರೂಲ್ಸಲ್ಲಿ ಇಲ್ಲದ್ದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಅವನಿಗೆ ಕಾಣುವ ಹಾಗೆ ತೂತು ಕೊರೆದೆ."

ಗುಣವತಿಗೆ ಏನೂ ಅರ್ಥವಾಗಲಿಲ್ಲ. ಬೈಯಲು ಬಾಯಿ ತೆರೆದವಳು ವೈಸಿನ ಮೇಲೆ ಬಗ್ಗಿ ನೋಡಿದಳು.

ಬಿಳಿ ಪುಡಿಯ ಮೇಲೆ, ಮದ್ದು ಸಿಡಿಯುವ ಜಾಗದಲ್ಲೇ, ಗುರಿ ಹಿಡಿದವನ ಕಣ್ಣಿನ ಪಕ್ಕಕ್ಕೆ ಸರಿಯಾಗಿ, ಬೆರಳುದ್ದದ ಬಿರುಕೊಂದು ಸೀಮೆಎಣ್ಣೆ ಒಸರುತ್ತ ಕಪ್ಪಗೆ ಮೂಡಿತು.