ಹಳೆಯ ನಳಿಗೆ

ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಕರಿಬಸಪ್ಪ ವರ್ಷವರ್ಷವೂ ತನ್ನೂರಿನ ಬಾವಿನೀರು ತರುತ್ತಿದ್ದ. ಮೊಮ್ಮಗಳ ಕೈ ನಡುಕಕ್ಕೆ ಆ ನೀರೇ ಕಾರಣವೆಂದು ಅವನ ಗುಮಾನಿ. ಅಲ್ಲಿನ ಸಾಹೇಬರು ತಾವೇ ಪರೀಕ್ಷಿಸಿ, "ವಿಷ ಇದ್ರೂ ಇರಬಹುದು ಕಣಯ್ಯ, ನಮ್ಮ ಯಂತ್ರಕ್ಕೆ ಕಾಣಲ್ಲ" ಎಂದು ಬೇಸರಪಡುತ್ತಿದ್ದರು.

ಹೊಸದಾಗಿ ಬಂದ ಮೇಡಂ, ಸಾಹೇಬರು ಬಳಸುತ್ತಿದ್ದ ನಳಿಗೆ ತೆಗೆದು, ಯಂತ್ರಕ್ಕೆ ಕೂದಲೆಳೆಯಂಥ ಬೇರೊಂದು ಗಾಜಿನ ನಳಿಗೆ ಕೂರಿಸಿದರು. ಚೂರು ವಿಷವೂ ಕಾಣಲೆಂದು, ಬೆಳಕು ಬೀಳುವ ಕಡೆ ಗುಳ್ಳೆಯಂತೆ ಉಬ್ಬಿಸಿದ್ದು. ಕರಿಬಸಪ್ಪ ಮೊದಲ ವರ್ಷ ತಂದು ಫ್ರಿಜ್ಜಿನಲ್ಲಿ ಉಳಿದಿದ್ದ ನೀರು ಹಾಯಿಸಿದ್ದೇ ಪರದೆಯ ಮೇಲೆ ಗೆರೆ ಗೋಪುರದಂತೆ ಎದ್ದಿತು.

"ವಿಷ ಸಿಕ್ತು ಅಜ್ಜ!"

"ನಮ್ಮ ಸಾಹೇಬ್ರನ್ನೂ ಕರೀರವ್ವ, ಪಾಪ, ಎಷ್ಟು ಹುಡುಕಿದ್ರು" ಎಂದು ಕರಿಬಸಪ್ಪ ಕಣ್ಣೊರೆಸಿಕೊಂಡ.

"ತಾಳಜ್ಜ, ಹೊಸದು ಎಷ್ಟು ಮೇಲು ಅಂತ ಬರೀಬೇಕು. ಹಳೇ ನಳಿಗೆಗೂ ಇದೇ ನೀರು ಹಾಕ್ತೀನಿ."

ಹಳೆಯ ನಳಿಗೆಯಲ್ಲೂ ಗೆರೆ ಎದ್ದಿತು. ಗಿಡ್ಡದಾಗಿ, ಆದರೆ ಕರಿಬಸಪ್ಪನ ಮುದಿಗಣ್ಣಿಗೂ ಕಾಣುವಂತೆ.