ಚಿಕ್ಕಪ್ಪನ ಕಾಲಿಗೆ ಬಿದ್ದದ್ದು

ಶಾಲೆ ಅರ್ಧಕ್ಕೇ ಬಿಟ್ಟು, ದುಡಿದು ಕಟ್ಟಿದ ಘಾಜಿಯಾಬಾದಿನ ನನ್ನ ಹೋಟೆಲಿನಲ್ಲಿ ಯಾರ ಮೈಯಿಂದಾದರೂ ಮುಖದ ಪೌಡರಿನ ವಾಸನೆ ಬಂದರೆ ಇವತ್ತಿಗೂ ನಾನು ಗಲ್ಲಾ ಬಿಟ್ಟು ಹೊರಗೆ ಹೋಗಿ ನಿಲ್ಲುತ್ತೇನೆ.

ನಾನಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ; ರೋಹಿಣಿ ಬಡಾವಣೆಯ ನಮ್ಮ ಮನೆಯಲ್ಲಿ ಅವತ್ತು ಸತ್ಯನಾರಾಯಣ ಪೂಜೆ. ಬೆಳಿಗ್ಗೆ ಚಹಾ ತಡವಾಯಿತೆಂದು ಚಿಕ್ಕಪ್ಪ ಎಲ್ಲರೆದುರೇ ಚಿಕ್ಕಮ್ಮನ ಕೆನ್ನೆಗೆ ಬಾರಿಸಿದ್ದ. ಮಧ್ಯಾಹ್ನ ನೆಂಟರು ಬರುವ ಮೊದಲು ಅಜ್ಜಿಯೇ ಕೂತು ಆ ಬಾವಿನ ಮೇಲೆ ಪೌಡರ್ ಮೆತ್ತಿದರು.

"ಕೇಳಿದರೆ ಬಾಗಿಲು ತಾಗಿತು ಅನ್ನು. ಗಂಡಸರ ಕೋಪ ಎಷ್ಟು ಹೊತ್ತು ಮಾರಾಯ್ತಿ?"

ಬೆವರಿಗೆ ಪೌಡರ್ ಹಸಿ ಹಿಟ್ಟಿನಂತೆ ಚಿಕ್ಕಮ್ಮನ ಕೆನ್ನೆಗೆ ಅಂಟಿಕೊಂಡಿತ್ತು.

ಪೂಜೆ ಮುಗಿದ ಮೇಲೆ ಮಕ್ಕಳು ಹಿರಿಯರ ಕಾಲಿಗೆ ಬೀಳುವುದು ನಮ್ಮಲ್ಲಿ ಕ್ರಮ. ಚಿಕ್ಕಪ್ಪನ ಮುಂದೆ ಬಂದಾಗ ನಾನು ನಿಂತೇಬಿಟ್ಟೆ.

"ಚಲೋ, ಬಗ್ಗು. ಜನ ನೋಡ್ತಿದ್ದಾರೆ," ಎಂದು ಅಪ್ಪ ನನ್ನ ಕುತ್ತಿಗೆ ಹಿಡಿದು ಒತ್ತಿದರು.

ಬಗ್ಗಿ ಕಾಲು ಮುಟ್ಟಿದೆ. ಬೆಳಿಗ್ಗೆ ಎತ್ತಿದ್ದ ಅದೇ ಕೈ ಬೆಚ್ಚಗೆ, ಜಿಡ್ಡುಜಿಡ್ಡಾಗಿ ನನ್ನ ತಲೆಯ ಮೇಲೆ ಕೂತಿತು.

"ಒಳ್ಳೇ ಬುದ್ಧಿ ಬರಲಿ," ಎಂದ ಚಿಕ್ಕಪ್ಪ. ನೆಂಟರು ಮೆಚ್ಚಿ ತಲೆಯಾಡಿಸಿದರು.

ಪ್ರಸಾದ ಹಂಚುತ್ತಿದ್ದ ಚಿಕ್ಕಮ್ಮನ ಮುಂದೆ ನಾನು ಕೈಯೊಡ್ಡಿದೆ. ಅವರು ಕೊಡಲಿಲ್ಲ. ತಟ್ಟೆ ಕೆಳಗಿಟ್ಟು, ನನ್ನನ್ನು ನಲ್ಲಿಯ ಹತ್ತಿರ ಕರೆದೊಯ್ದು, ಎರಡೂ ಅಂಗೈಗೆ ತಾವೇ ಸೋಪು ಹಚ್ಚಿದರು.

"ಸರಿಯಾಗಿ ತೊಳಕೋ ಮಗಾ," ಎಂದರು. "ಆಮೇಲೆ ಪ್ರಸಾದ ಮುಟ್ಟು."