ಟೀಚರ್ ಮಗನ ರಜೆ

ಜಾರುಬಂಡೆಯ ತುದಿಯಲ್ಲಿ ಕೂತಿದ್ದ ಆರು ವರ್ಷದ ಕಾಂತೇಶ ಕಿರುಬೆರಳೆತ್ತಿ ಕೂಗಿದ: "ಟೀಚರ್ರೀ, ಒಂದಕ್ಕ ಹೋಗಿ ಬರ್ಲೇನ್ರಿ?"

ಯಾದಗಿರಿಯ ಕೆರೆ ದಂಡೆಯ ಉದ್ಯಾನದಲ್ಲಿ ದಸರಾ ರಜೆಯ ಜನ ತುಂಬಿದ್ದರು. ಕೆಳಗೆ ನಿಂತಿದ್ದ ಸಂಘಮಿತ್ರಾ ಆ ಹುಡುಗನಿಗೆ ಟೀಚರೂ ಹೌದು, ಹೆತ್ತ ತಾಯಿಯೂ ಹೌದು. ಅವಳ ಕಂಕುಳಲ್ಲಿದ್ದ ಮೂರು ವರ್ಷದ ದೇವಿಕಾ ಐಸ್‌ಕ್ರೀಮ್ ಮೆತ್ತಿದ ಬಾಯಲ್ಲಿ ನಿಮಿಷಕ್ಕೊಮ್ಮೆ "ಅವ್ವಾ" ಎನ್ನುತ್ತಿದ್ದಳು. ಅದೊಂದೇ ಸಮಾಧಾನ. ಪಕ್ಕದ ಕಲ್ಲುಬೆಂಚಿನ ಮೇಲಿದ್ದ ಹೆಂಗಸು ನಕ್ಕು, "ಸಾಲಿ ಹುಡುಗ್ರನ್ನ ಟೂರಿಗಿ ಕರ್ಕೊಂಡು ಬಂದೀರೇನ್ರಿ?" ಎಂದು ಕೇಳಿದಳು.

"ಇಲ್ರಿ, ಇವ ನನ್ನ ಮಗ," ಎನ್ನುವಾಗ ಸಂಘಮಿತ್ರಾಳಿಗೆ ಭೂಮಿಗಿಳಿದು ಹೋದಷ್ಟು ನಾಚಿಕೆಯಾಯಿತು.

ತಪ್ಪು ಹುಡುಗನದಲ್ಲ. ಜೂನ್‌ನಲ್ಲಿ ಅವನನ್ನು ತಾನು ಕಲಿಸುವ ಹಳ್ಳಿಯ ಶಾಲೆಗೇ ಸೇರಿಸಿದ್ದಳು. ಶಹಾಪುರದಿಂದ ದಿನವೂ ಇಬ್ಬರೂ ಒಂದೇ ಬಸ್ಸು. ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದಳು: ಬಸ್ಸು ಇಳಿದ ಮೇಲೆ ಅವ್ವ ಅನ್ನುವಂತಿಲ್ಲ, ಟೀಚರ್ ಅನ್ನಬೇಕು. ಅವನು ತನ್ನ ಮಗನೆಂದು ತರಗತಿಯ ಮಕ್ಕಳಿಗೆ ತಾನೂ ಹೇಳಿರಲಿಲ್ಲ. ಟೀಚರ್ ಮಗನಿಗೊಂದು ನ್ಯಾಯ, ಉಳಿದವರಿಗೊಂದು ನ್ಯಾಯ ಎಂದು ಊರವರು ಆಡಿಕೊಳ್ಳಬಾರದಲ್ಲ! ಹಾಗಾಗಿ ಮನೆಪಾಠ ಬರೆಯದಿದ್ದರೆ ಉಳಿದವರಿಗೆ ಬರೀ ಗದರಿಕೆ, ಇವನಿಗೆ ಬಾಗಿಲ ಹೊರಗೆ ನಿಲ್ಲುವ ಶಿಕ್ಷೆ. ಒಮ್ಮೆ ಮೊಣಕಾಲು ಒಡೆದುಕೊಂಡು "ಅವ್ವಾ" ಎಂದು ಓಡಿ ಬಂದಾಗಲೂ "ಏನಂತ ಕರೀಬೇಕು?" ಎಂದು ಮೊದಲು ಕೇಳಿ, ಆಮೇಲೆ ಔಷಧಿ ಹಚ್ಚಿದ್ದಳು. ಜಾಣ ಹುಡುಗ, ಅಂದೇ ಕಲಿತುಬಿಟ್ಟ. ಎಷ್ಟು ಚೆನ್ನಾಗಿ ಕಲಿತನೆಂದರೆ ಮನೆಯಲ್ಲಿ ರೊಟ್ಟಿ ಕೇಳುವಾಗಲೂ ಟೀಚರ್ ಎನ್ನತೊಡಗಿದ. ಹೋದ ವಾರ ಜ್ವರದಲ್ಲಿ ಕನವರಿಸಿದ್ದೂ "ಟೀಚರ್" ಎಂದೇ. ಸಂಘಮಿತ್ರಾ ಅಡುಗೆಮನೆಗೆ ಹೋಗಿ ಅತ್ತಳು.

"ಪ್ಯಾಟಿಗಿ ಕರ್ಕೊಂಡು ಹೋಗು, ಆಡಸು. ತಾನ ಅವ್ವ ಅಂತಾನ," ಎಂದು ಗಂಡ ಭೀಮರಾಯ ಉಪಾಯ ಹೇಳಿ ಆಫೀಸಿಗೆ ಹೋಗಿದ್ದ. ಇವಳೋ ಆಟಕ್ಕೂ ವೇಳಾಪಟ್ಟಿ ಬರೆದುಕೊಂಡು ಹೊರಟವಳು: ಹತ್ತಕ್ಕೆ ಕೋಟೆ, ಹನ್ನೆರಡಕ್ಕೆ ಊಟ, ಒಂದಕ್ಕೆ ಉದ್ಯಾನ. ಜಾರುಬಂಡೆಯ ಹತ್ತಿರ ನೂಕಾಟ ಕಂಡು "ಪಾಳಿ ಹಚ್ಚರಿ" ಎಂದು ಒಂದು ಸಲ ದನಿ ಎತ್ತಿದ್ದಕ್ಕೆ, ಯಾರು ಯಾರದೋ ಮಕ್ಕಳು ಸಾಲಾಗಿ ಕೈಕಟ್ಟಿ ನಿಂತಿದ್ದವು. ಅವಳ ಮಗ ಸಾಲಿನ ಕೊನೆಗೆ ನಿಂತಿದ್ದ.

ಒಂದಕ್ಕೆ ಹೋಗಿ ಬಂದವನನ್ನು ಸಂಘಮಿತ್ರಾ ಜೋಕಾಲಿಯ ಮೇಲೆ ಕೂರಿಸಿದಳು. "ಇವತ್ತ ಸಾಲಿ ಇಲ್ಲಪಾ. ಅವ್ವ ಅನ್ನು."

"ಹೂಂ ರೀ, ಟೀಚರ್."

ಅವಳು ವೇಳಾಪಟ್ಟಿಯ ಚೀಟಿಯನ್ನು ಮುದುಡಿ ಪರ್ಸಿಗೆ ತುರುಕಿದಳು. ದೇವಿಕಾ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅವಳನ್ನು ಎಡಗೈಯಲ್ಲಿ ಅವಚಿಕೊಂಡು ಬಲಗೈಯಿಂದ ಜೋಕಾಲಿ ತೂಗತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸರಪಳಿ ಕಿರ್ರೆಂದಿತು. ಹುಡುಗ ಹೆದರಿದ, ನಕ್ಕ, ಕಾಲು ಚಾಚಿದ. ಚಪ್ಪಲಿ ಹಾರಿ ದೂರ ಬಿದ್ದಾಗ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

"ಇನ್ನಾ ಜೋರ ತೂಗು, ಅವ್ವಾ!"

ಕೇಳಿಯೂ ಕೇಳದವಳಂತೆ ಸಂಘಮಿತ್ರಾ ತೂಗುತ್ತಲೇ ಇದ್ದಳು. ಏನಾದರೂ ಅಂದರೆ ಹುಡುಗನಿಗೆ ಎಚ್ಚರವಾದೀತು ಎಂಬ ಭಯ. ಕಣ್ಣು ತುಂಬಿ ಬಂದಿತ್ತು. ನಾಲ್ಕು ತಿಂಗಳ ಮೇಲೆ ಸಿಕ್ಕ ಮಾತು ಅದು.

"ನಮಸ್ತೇ ಟೀಚರ್ರೀ!"

ಹಿಂದಿನಿಂದ ಬಂದ ದನಿ ಮರಿಲಿಂಗನದು. ಒಂದನೇ ತರಗತಿಯಲ್ಲಿ ಕಾಂತೇಶನ ಪಕ್ಕದಲ್ಲೇ ಕೂರುವವನು. ಸಂಘಮಿತ್ರಾಳ ಕೈ ತಾನಾಗಿ ಜೋಕಾಲಿ ಬಿಟ್ಟು ಸೆರಗು ಸರಿಮಾಡಿತು. ಮುಖವೂ ತಾನಾಗಿ ಬಿಗಿಯಾಯಿತು. "ನಮಸ್ತೆ. ಯಾರ ಜೊತಿ ಬಂದಿ?" ಎಂದಳು.

"ನಮ್ಮವ್ವನ ಜೊತಿ ರೀ. ಗೇಟಿನ ಹತ್ರ ಚುರುಮುರಿ ತಗೊಳ್ಳಾಕತ್ತಾಳ."

ಅಷ್ಟರಲ್ಲಿ ಕಾಂತೇಶ ನೆಲಕ್ಕೆ ಕಾಲು ಒತ್ತಿ ಜೋಕಾಲಿ ನಿಲ್ಲಿಸಿದ್ದ. ಇಳಿದು ಬಂದು, ಒಂದು ಕಾಲಿಗೆ ಚಪ್ಪಲಿ ಇಲ್ಲದೆಯೇ, ಮರಿಲಿಂಗನ ಪಕ್ಕ ಕೈಕಟ್ಟಿ ನಿಂತ. ಮರಿಲಿಂಗ ಟೀಚರ ಹೆಗಲ ಮೇಲೆ ಮಲಗಿದ್ದ ಕೂಸನ್ನು ಕತ್ತು ಚಾಚಿ ನೋಡಿದ.

"ಈ ಪಾಪು ನಿಮ್ದೇನ್ರಿ?"

"ಹೌದು, ನನ್ನ ಮಗಳು."

"ಕಾಂತೇಶನ್ನ ದಿನಾ ಸಾಲಿಗಿ ನೀವ ಕರ್ಕೊಂಡು ಬರ್ತೀರಿ. ಇಲ್ಲಿಗೂ ನೀವ ಕರ್ಕೊಂಡು ಬಂದೀರಿ. ಅವನ ಅವ್ವ ಬರಂಗಿಲ್ಲೇನ್ರಿ?"

ಹೇಳಬೇಕಾದದ್ದು ಒಂದೇ ಮಾತು. ಸಂಘಮಿತ್ರಾಳಿಗೆ ಅದು ಗೊತ್ತಿತ್ತು. ಬಾಯಿ ತೆರೆದಳು ಕೂಡ. ಆದರೆ ರಜೆ ಮುಗಿದ ಮೇಲೆ ಶಾಲೆಯಲ್ಲಿ ಈ ಹುಡುಗ ಎಲ್ಲರಿಗೂ ಹೇಳುತ್ತಾನೆ ಎಂಬ ಯೋಚನೆ ಅಡ್ಡ ಬಂದು, ಒಂದು ಗಳಿಗೆ ತಡವಾಯಿತು.

"ನಮ್ಮವ್ವ ಬಂದಿಲ್ಲಲೇ, ಮನ್ಯಾಗ ಅದಾಳ," ಎಂದ ಕಾಂತೇಶ, ಥಟ್ಟನೆ. ಎಂದವನೇ, ಉತ್ತರ ಸರಿಯಾಯಿತೇ ಎಂದು ಟೀಚರ ಮುಖ ನೋಡಿದ.